ಹದಿನಾರು ವರ್ಷ ಬದಲಾಗದ ಮಿದುಳು

ಡೆಕ್ಲನ್ ಮಲ್ಕಾಹಿ ಹುಟ್ಟಿನಿಂದಲೇ ಮಂದಬುದ್ಧಿಯವನು ಎಂದು ಮೆರಿಬ್ರೂಕ್ ಫುಟ್‌ಬಾಲ್ ಕ್ಲಬ್ಬು ಲೀಗಿನ ಸಮಿತಿಗೆ ಬರೆದುಕೊಟ್ಟಿತು. ಕ್ಲಬ್ಬಿನ ವೈದ್ಯರು ಅದಕ್ಕೆ ರುಜು ಹಾಕಿದರು.

ಪತ್ರದಲ್ಲಿ ಇಷ್ಟು ಒರಟಾಗಿ ಏನೂ ಇರಲಿಲ್ಲ. ಕ್ಲಬ್ಬಿನವರು ಸಭ್ಯರು. 'ಅರ್ಜಿದಾರರ ಗ್ರಹಣಶಕ್ತಿಯು ವೃತ್ತಿಜೀವನದ ಆರಂಭದಲ್ಲಿಯೇ ಸರಾಸರಿಗಿಂತ ಗಣನೀಯವಾಗಿ ಕೆಳಮಟ್ಟದಲ್ಲಿದ್ದು, ಅಂದಿಗೂ ಇಂದಿಗೂ ಯಾವುದೇ ವ್ಯತ್ಯಾಸ ಕಂಡುಬಂದಿರುವುದಿಲ್ಲ' ಎಂಬ ಒಂದೇ ವಾಕ್ಯ. ಅದನ್ನು ಓದಿ ಮುಗಿಸಲು ಡೆಕ್ಲನ್‌ಗೆ ಕಾಲು ಗಂಟೆ ಹಿಡಿಯಿತು. 'ಗಣನೀಯ'ವನ್ನು ದಾಟುವಷ್ಟರಲ್ಲಿ 'ಗ್ರಹಣಶಕ್ತಿ' ಕೈತಪ್ಪಿ ಹೋಗಿರುತ್ತಿತ್ತು. ಹಿಂದಕ್ಕೆ ಹೋಗಿ ಅದನ್ನು ಹಿಡಿದು ತರುವಷ್ಟರಲ್ಲಿ ಇನ್ನೊಂದು ತಪ್ಪಿಸಿಕೊಳ್ಳುತ್ತಿತ್ತು. ಮೂವತ್ತೈದು ವರ್ಷದ ಗಂಡಸು, ಅಡುಗೆಮನೆಯ ಮೇಜಿನ ಮುಂದೆ, ಬೆರಳಿಟ್ಟು ಓದುತ್ತಿದ್ದ.

ಅವನ ತಾಯಿ ನೊರೀನ್ ಒಲೆಯ ಮುಂದೆ ನಿಂತೇ ಒಂದು ಸಲ ಓದಿದಳು. ಟಿರೆಂಗೋವರ್ ಊರಿನ ಕಸಾಯಿಖಾನೆಯಲ್ಲಿ ಮೂವತ್ತೊಂದು ವರ್ಷ ಮೂಳೆಯಿಂದ ಮಾಂಸ ಬಿಡಿಸಿದ ಹೆಂಗಸು. ಪದಗಳಿಂದ ಅರ್ಥ ಬಿಡಿಸುವುದು ಅವಳಿಗೆ ಕಷ್ಟವಾಗಲಿಲ್ಲ.

"ಮಂದ ಅಂತೆ ಮಂದ!" ಪತ್ರವನ್ನು ಟೋಸ್ಟರಿನ ಪಕ್ಕಕ್ಕೆ ಎಸೆದಳು. "ಏಳು ವರ್ಷಕ್ಕೇ ಕಸಾಯಿಖಾನೆ ಗಂಡಸರನ್ನೆಲ್ಲ ಇಸ್ಪೀಟಲ್ಲಿ ಬೋಳಿಸಿ ಮನೆಗೆ ಕಳಿಸ್ತಿದ್ದ ನನ್ನ ಮಗ ಹುಟ್ಟು ಪೆದ್ದನಂತೆ. ಈ ಡಾಕ್ಟ್ರನ್ನ ನನ್ನ ಮುಂದೆ ಕೂರ್ಸು. ಮೂರು ಸುತ್ತಲ್ಲಿ ಯಾರು ಪೆದ್ದ ಅಂತ ತೋರಿಸ್ತೀನಿ."

"ಅಮ್ಮಾ, ಅವ್ರು ಪರೀಕ್ಷೆಯಲ್ಲಿ ಬಂದ ಅಂಕ ನೋಡಿ ಬರ್ದಿರೋದು."

"ಯಾವ ಪರೀಕ್ಷೆ?"

ಡೆಕ್ಲನ್ ಚಹಾದ ಲೋಟದೊಳಗೆ ನೋಡುತ್ತ ಕೂತ. ಯಾವ ಪರೀಕ್ಷೆ ಎಂದು ಹೇಳಲು ಹೊರಟರೆ ಕ್ಲಬ್ಬು ಬರೆದಿದ್ದಕ್ಕಿಂತ ದೊಡ್ಡ ಪೆದ್ದುತನ ಹೊರಬೀಳುತ್ತಿತ್ತು. ಅದನ್ನು ಅವನು ಕೈಯಾರೆ ಮಾಡಿಕೊಂಡಿದ್ದ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಮೆರಿಬ್ರೂಕ್ ಕ್ಲಬ್ಬು ಅವನನ್ನು ಆರಿಸಿಕೊಂಡಾಗ ಮೆಲ್ಬರ್ನಿನ ಪತ್ರಿಕೆಗಳು ಬರೆದದ್ದು ಬುದ್ಧಿಯ ಬಗ್ಗೆಯಲ್ಲ, ಧೈರ್ಯದ ಬಗ್ಗೆ. ಚೆಂಡನ್ನು ಕೈಯಿಂದಲೂ ಹಿಡಿಯುವ ಆ ಫುಟ್‌ಬಾಲಿನಲ್ಲಿ ಡೆಕ್ಲನ್ ರಕ್ಷಣೆಯ ಆಟಗಾರ. ಎದುರಾಳಿ ಎತ್ತರಕ್ಕೆ ಒದ್ದ ಮೊಟ್ಟೆಯಾಕಾರದ ಚೆಂಡು ಆಕಾಶದಿಂದ ಇಳಿಯುತ್ತಿರುವಾಗ ಅದರ ಮೇಲೆಯೇ ಕಣ್ಣಿಟ್ಟು, ಬೆನ್ನ ಹಿಂದೆ ಏನು ಬರುತ್ತಿದೆಯೆಂದು ನೋಡದೆ, ಹಿಮ್ಮುಖವಾಗಿ ಓಡುತ್ತ ಹೋಗಿ ಹಿಡಿಯುವುದು ಅವನ ವಿಶೇಷ. ಬೆನ್ನ ಹಿಂದೆ ಬರುತ್ತಿದ್ದದ್ದು ಸಾಮಾನ್ಯವಾಗಿ ನೂರು ಕಿಲೋ ತೂಕದ, ಮೊಣಕಾಲು ಮುಂದೆ ಮಾಡಿ ಹಾರಿದ ಇನ್ನೊಬ್ಬ. ಹಾಗೆ ಓಡುವವನನ್ನು ಆ ಆಟದಲ್ಲಿ ಎದೆಗಾರ ಎನ್ನುತ್ತಾರೆ. ತಿರುಗಿ ನೋಡಿದವನನ್ನು ಪುಕ್ಕಲ ಎನ್ನುತ್ತಾರೆ. ತಿರುಗಿ ನೋಡಿದವನು ಮುಂದಿನ ಶನಿವಾರ ಎರಡನೇ ದರ್ಜೆಯ ತಂಡದಲ್ಲಿ ಆಡುತ್ತಾನೆ. "ನೋಡಿ, ತಲೆಯ ಪರಿವೆಯೇ ಇಲ್ಲದ ಆಟ!" ಎಂದು ಟೀವಿಯವರು ಕೂಗುತ್ತಿದ್ದರು. ಟೀವಿಯವರು ಹೇಳಿದ ಮಾತುಗಳಲ್ಲಿ ಅದೊಂದು ಅಕ್ಷರಶಃ ನಿಜ.

ಆದರೆ ಆ ಧೈರ್ಯಕ್ಕೆ ಮುಂಚೆ ಪರೀಕ್ಷೆ. ಡಿಸೆಂಬರಿನಲ್ಲಿ ತರಬೇತಿ ಶುರುವಾದ ಎರಡನೇ ವಾರ ಕ್ಲಬ್ಬಿನ ವ್ಯಾಯಾಮ ಕೋಣೆಯಲ್ಲಿ ಸಾಲಾಗಿ ಕಂಪ್ಯೂಟರು ಇಡುತ್ತಾರೆ. ಪರದೆಯ ಮೇಲೆ ಇಸ್ಪೀಟು ಎಲೆಗಳು ಒಂದೊಂದಾಗಿ ಮಗುಚುತ್ತವೆ. ಈ ಎಲೆ ಮೊದಲೇ ಬಂದಿತ್ತೇ, ಇಲ್ಲವೇ? ಹೌದಾದರೆ ಒಂದು ಗುಂಡಿ, ಇಲ್ಲವಾದರೆ ಇನ್ನೊಂದು. ಎಷ್ಟು ಬೇಗ ಒತ್ತಿದೆ, ಎಷ್ಟು ಸರಿ ಒತ್ತಿದೆ ಎಂಬುದೇ ಅಂಕ.

ಅವನ ಮೊದಲ ವರ್ಷ ಡಾಕ್ಟರ್ ಪಿಮ್ ಹುಡುಗರ ಮುಂದೆ ನಿಂತು ವಿವರಿಸಿದ್ದರು. "ಇದು ನಿಮ್ಮ ಆರೋಗ್ಯವಂತ ಮಿದುಳಿನ ಫೋಟೋ ಅಂದ್ಕೊಳ್ಳಿ. ತಲೆಗೆ ಏಟು ಬಿದ್ದಾಗ ಇದೇ ಪರೀಕ್ಷೆ ಮತ್ತೆ ಕೊಡ್ತೀವಿ. ಇವತ್ತಿನ ಅಂಕಕ್ಕಿಂತ ಕಮ್ಮಿ ಬಂದ್ರೆ, ಸರಿಸಮ ಆಗೋವರ್ಗೂ ಮೈದಾನಕ್ಕೆ ಇಳಿಸಲ್ಲ. ನಿಮ್ಮ ಒಳ್ಳೇದಕ್ಕೇ." ಇಷ್ಟು ಹೇಳಿ ಡಾಕ್ಟರು, ಏನೋ ಮರೆತು ಬಂದಿದ್ದೇನೆ ಎನ್ನುತ್ತ ಹೊರಗೆ ಹೋದರು. ಪ್ರತಿ ವರ್ಷ ಅದೇ ಘಳಿಗೆಗೆ ಅವರು ಏನಾದರೊಂದು ಮರೆತು ಬಂದಿರುತ್ತಿದ್ದರು.

ಆಗ ನಾಯಕ ಗ್ರಾಂಟ್ ವಾಡಿಂಗ್‌ಟನ್ ಎದ್ದ. ಎಲ್ಲರಿಗೂ ಅವನು ವಾಡೋ. "ಹುಡುಗ್ರಾ, ಎಲ್ಲಾ ಪ್ರಾಮಾಣಿಕವಾಗಿ ಮಾಡ್ರಪ್ಪಾ" ಎಂದ. ಆಮೇಲೆ ಬಾಯಿ ಅಗಲಿಸಿ, ಕೈ ಮೇಲೆತ್ತಿ, ದವಡೆ ಕಳಚುವಂಥ ಆಕಳಿಕೆ ತೆಗೆದ. ಹಿಂದಿನ ಸಾಲಿನಲ್ಲಿದ್ದ ಹಳಬರೆಲ್ಲ ಒಬ್ಬರ ಹಿಂದೊಬ್ಬರು ಆಕಳಿಸಿದರು.

"ಏನಿದು, ಎಲ್ರಿಗೂ ನಿದ್ದೆ ಇಲ್ವಾ?" ಎಂದು ಡೆಕ್ಲನ್ ಪಕ್ಕದವನನ್ನು ಕೇಳಿದ.

"ಹಳ್ಳಿ ಗುಗ್ಗು ಕಣೋ ನೀನು. ಇವತ್ತು ಜಾಣ ಆದ್ರೆ ಏಟು ಬಿದ್ದಾಗ ಅಷ್ಟೇ ಜಾಣ ಆಗ್ಬೇಕು. ಆಗ್ತೀಯಾ? ಮನೇಲಿ ಕೂತು ಟೀವೀಲಿ ಮ್ಯಾಚ್ ನೋಡ್ತೀಯ. ಇವತ್ತು ನಿದ್ದೆಗಣ್ಣಲ್ಲಿ ಮಾಡು, ಹತ್ತು ವರ್ಷ ಆರಾಮಾಗಿ ಆಡು."

ಡೆಕ್ಲನ್‌ಗೆ ಹೇಳಿಕೊಟ್ಟ ಕೆಲಸವನ್ನು ಅರ್ಧಂಬರ್ಧ ಮಾಡಿ ಗೊತ್ತಿರಲಿಲ್ಲ. ಎಲೆಗಳು ಮಗುಚತೊಡಗಿದವು. ಪ್ರತಿಯೊಂದೂ ಅವನಿಗೆ ನೆನಪಿನಲ್ಲಿತ್ತು. ಕಸಾಯಿಖಾನೆಯ ಊಟದ ಕೋಣೆಯಲ್ಲಿ ಬೆಳೆದ ಹುಡುಗ. ಪೆದ್ದನಾಗುವುದಕ್ಕೂ ತಲೆ ಓಡಿಸಬೇಕೆಂದು ಅವನಿಗೆ ಅಂದು ತಿಳಿಯಿತು. ಮೂರರಲ್ಲಿ ಒಂದು ತಪ್ಪು ಒತ್ತಿದ. ಸರಿ ಇರುವುದಕ್ಕೂ ಮನಸ್ಸಿನಲ್ಲೇ ಎರಡು ಎಣಿಸಿ ಒತ್ತಿದ. ಸಂಶಯ ಬರಬಾರದೆಂದು ಕೊನೆಯಲ್ಲಿ ನಾಲ್ಕು ಸರಿ ಮಾಡಿದ. ಫಲಿತಾಂಶ ಬಂದಾಗ ಕ್ಲಬ್ಬಿನ ಚರಿತ್ರೆಯಲ್ಲೇ ಅಷ್ಟು ಕಡಿಮೆ ಅಂಕ ಯಾರಿಗೂ ಬಂದಿರಲಿಲ್ಲ. ಡಾಕ್ಟರ್ ಪಿಮ್ ಕಾಗದವನ್ನು ನೋಡಿದರು, ಅವನನ್ನು ನೋಡಿದರು, "ಆರಾಮಿದೀಯಾ ಡೆಕ್?" ಎಂದು ಕೇಳಿದರು. ಆರಾಮಿದ್ದೇನೆ ಎಂದ. ಅವರು ಬರೆದುಕೊಂಡರು. ಅಂದು ಸಂಜೆ ವಾಡೋ ಅವನಿಗೆ ಬಿಯರು ಕೊಡಿಸಿ ಲೋಟ ಎತ್ತಿದ. "ನಮ್ಮ ದಡ್ಡಶಿಖಾಮಣಿಗೆ! ಈ ನನ್ಮಗ ಸತ್ತ ಮೇಲೂ ಪಾಸಾಗ್ತಾನೆ ಕಣ್ರೋ!"

ಎಲ್ಲರೂ ನಕ್ಕರು. ಮೆಲ್ಬರ್ನಿನಲ್ಲಿ ಅವನಿಗೆ ಸ್ನೇಹಿತರು ಸಿಕ್ಕಿದ್ದು ಅಂದು.

ಹದಿಮೂರು ವರ್ಷ, ಇನ್ನೂರ ಹದಿನಾಲ್ಕು ಪಂದ್ಯ. ಪ್ರಜ್ಞೆ ತಪ್ಪಿ ಬಿದ್ದದ್ದು ಕ್ಲಬ್ಬಿನ ಪುಸ್ತಕದಲ್ಲಿ ಎರಡು ಸಲ, ಡೆಕ್ಲನ್‌ನ ನೆನಪಿನಲ್ಲಿ ಏಳು ಸಲ. ಬಿದ್ದಾಗ ಡಾಕ್ಟರು ಓಡಿಬಂದು ಮೊಣಕಾಲೂರಿ ಕೇಳುತ್ತಾರೆ: ಇದು ಯಾವ ಮೈದಾನ? ಕೊನೆಯ ಗೋಲು ಹೊಡೆದವನು ಯಾರು? ಹೋದ ವಾರ ಯಾರ ಮೇಲೆ ಆಡಿದೆವು? ನೀರು ತಂದುಕೊಡುವವನು ಬಾಟಲಿಯ ಜೊತೆ ಉತ್ತರವನ್ನೂ ತರುತ್ತಿದ್ದ. ಒಂದು ಸಲ ಮೈದಾನ ಯಾವುದೆಂದರೆ ಡೆಕ್ಲನ್ ತನ್ನೂರು ಟಿರೆಂಗೋವರ್ ಎಂದುಬಿಟ್ಟ. ಡಾಕ್ಟರ್ ಪಿಮ್ ಗದರಲಿಲ್ಲ. "ನಿಧಾನಕ್ಕೆ ಯೋಚ್ನೆ ಮಾಡು ಡೆಕ್. ಅಲ್ಲಿ ನದಿ ಕಾಣ್ತಿದೆಯಲ್ಲಾ?" ಎಂದರು. ನದಿ ಕಂಡಿತು. ಅವನು ಪಾಸಾದ.

ಗುರುವಾರ ಕಂಪ್ಯೂಟರ್ ಪರೀಕ್ಷೆ. ಅದರಲ್ಲಂತೂ ಫೇಲಾಗುವ ಮಾತೇ ಇಲ್ಲ. ದಾಟಬೇಕಾದ ಗೆರೆಯನ್ನು ಅವನೇ ನೆಲಕ್ಕೆ ಎಳೆದು ಇಟ್ಟಿದ್ದ. ಪರ್ತ್‌ನಲ್ಲಿ ದವಡೆಗೆ ಏಟು ಬಿದ್ದು, ವಿಮಾನದಲ್ಲಿ ವಾಪಸು ಬಂದದ್ದೇ ನೆನಪಿಲ್ಲದ ವಾರ ಕೂಡ ಅಂಕ ಮೊದಲಿಗಿಂತ ಜಾಸ್ತಿ ಬಂತು. ಕೋಚು ಕಾಗದ ಎತ್ತಿ ಹಿಡಿದು ತಂಡಕ್ಕೆಲ್ಲ ತೋರಿಸಿದ: "ಏಟು ಬಿದ್ದಷ್ಟೂ ಇವ್ನ ಬುದ್ಧಿ ಚುರುಕಾಗ್ತಿದೆ ಕಣ್ರಯ್ಯಾ. ನಿಮಗೂ ಒಂದೊಂದು ಕೊಡಿಸ್ಲಾ?" ಶನಿವಾರ ಡೆಕ್ಲನ್ ಮತ್ತೆ ಹಿಮ್ಮುಖವಾಗಿ ಓಡಿದ.

ವಾಡೋ ನಿವೃತ್ತನಾದ ಮೇಲೆ ಹೊಸ ಹುಡುಗರ ಮುಂದೆ ಎದ್ದು ನಿಲ್ಲುವ ಕೆಲಸ ಉಪನಾಯಕನಾದ ಡೆಕ್ಲನ್‌ಗೆ ಬಂತು. ಆರು ವರ್ಷ ಅವನು ಎದ್ದು ನಿಂತ. ಪ್ರಾಮಾಣಿಕವಾಗಿ ಮಾಡ್ರಪ್ಪಾ ಎಂದ. ಆಕಳಿಸಿದ. ಚೆನ್ನಾಗಿ ಆಕಳಿಸುತ್ತಾನೆ ಎಂದು ಹೆಸರೂ ಪಡೆದ.

ಆಟ ಬಿಟ್ಟು ಊರಿಗೆ ಬಂದ ಮೇಲೆ ಒಂದೊಂದಾಗಿ ಶುರುವಾಯಿತು. ಬೇಕರಿಯ ಕಟ್ಟೆಯ ಮುಂದೆ ನಿಂತು ಎದುರಿಗಿರುವ ವಸ್ತುವಿಗೆ ಬ್ರೆಡ್ ಎನ್ನುತ್ತಾರೆಂಬುದು ಬಾಯಿಗೆ ಬರಲಿಲ್ಲ. ಕೈ ತೋರಿಸಿ ತಂದ. ಸುಗ್ಗಿಯಲ್ಲಿ ಗೋಧಿಯ ಲಾರಿ ಓಡಿಸುತ್ತ ಇಪ್ಪತ್ತು ವರ್ಷದಿಂದ ಗೊತ್ತಿದ್ದ ತಿರುವಿನಲ್ಲಿ ನಿಲ್ಲಿಸಿ, ಎಡವೋ ಬಲವೋ ಎಂದು ಅತ್ತ. ಸಣ್ಣ ಸದ್ದಿಗೆ ರೇಗುತ್ತಿದ್ದ. ಹೆಂಡತಿ ಮಗಳನ್ನು ಕರೆದುಕೊಂಡು ಅಡಿಲೇಡಿಗೆ ಹೋದಳು. ಯಾಕೆ ಹೋದಳೆಂದು ಅವಳನ್ನು ಯಾರೂ ಕೇಳುವಂತಿರಲಿಲ್ಲ. ಅವನು ತಾಯಿಯ ಮನೆಯ ಹಿಂಬದಿ ಕೋಣೆಗೆ ಬಂದ.

ಆಟದಿಂದ ಮಿದುಳಿಗೆ ಹಾನಿಯಾದವರ ಅರ್ಜಿ ನೋಡಲು ಲೀಗು ಒಂದು ಸಮಿತಿ ಮಾಡಿತ್ತು. ಡೆಕ್ಲನ್ ಅರ್ಜಿ ಹಾಕಿದ. ಸಮಿತಿಯವರು ಅದೇ ಪರೀಕ್ಷೆ ಕೊಟ್ಟರು. ಜೀವನದಲ್ಲಿ ಮೊದಲ ಬಾರಿಗೆ ಅವನು ಆ ಎಲೆಗಳ ಮುಂದೆ ಪ್ರಾಮಾಣಿಕನಾಗಿ ಕೂತ. ಅಂಗಿ ಬೆವರಿನಿಂದ ಒದ್ದೆಯಾಗುವಷ್ಟು, ಮೂಗಿನಿಂದ ರಕ್ತ ಬರುತ್ತದೇನೋ ಎನ್ನುವಷ್ಟು ಒದ್ದಾಡಿದ. ಒಂದು ಎಲೆ ಮಗುಚಿದರೆ ಹಿಂದಿನದು ಅಳಿಸಿಹೋಗುತ್ತಿತ್ತು. ಅಂಕ ಬಂತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಬೇಕೆಂತಲೇ ತೆಗೆದುಕೊಂಡ ಅಂಕಕ್ಕೂ ಇದಕ್ಕೂ ಒಂದೇ ಒಂದು ಅಂಕದ ವ್ಯತ್ಯಾಸ.

ಹದಿಮೂರು ವರ್ಷ ಏಟು ತಿಂದೂ, ಹದಿನಾರು ವರ್ಷದಲ್ಲಿ ಒಂದು ಅಂಕದಷ್ಟು ಮಾತ್ರ ಬದಲಾದ ಮಿದುಳು! ಕ್ಲಬ್ಬಿನ ವಕೀಲರು ಅದನ್ನು ಆಟದ ಸುರಕ್ಷತೆಗೆ ಸಾಕ್ಷಿಯೆಂದೇ ಸಮಿತಿಗೆ ತೋರಿಸಿದರು.

ಡೆಕ್ಲನ್‌ನ ವಕೀಲೆ ತೂಲಾ ಕನೆಲ್ಲಿಸ್ ಮೆಲ್ಬರ್ನಿನಲ್ಲಿ ಗ್ರೀಕ್ ತಿಂಡಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಕೂರುತ್ತಿದ್ದಳು. ಪತ್ರ ಓದಿ, ಕನ್ನಡಕ ತೆಗೆದು, ಕಣ್ಣು ಉಜ್ಜಿಕೊಂಡಳು.

"ನಿಜ ಹೇಳಿ. ಅವತ್ತು ನಿದ್ದೆಗಣ್ಣಲ್ಲಿ ಬರೆದ್ರಾ?"

"ಎಲ್ರೂ ಹಂಗೇ ಬರೀತಿದ್ರು."

"ಎಲ್ರ ವಿಷ್ಯ ಬಿಡಿ. ಇದನ್ನ ನನ್ನ ಮುಂದೆ ಹೇಳಿದ ಹಾಗೆ ಹೊರಗೆ ಹೇಳ್ಬೇಡಿ. ಪ್ರಾಮಾಣಿಕವಾಗಿ ಬರ್ದೆ ಅಂದ್ರೆ ನೀವು ಹುಟ್ಟು ಪೆದ್ದ. ಬೇಕಂತ ತಪ್ಪು ಬರ್ದೆ ಅಂದ್ರೆ ಮೋಸಗಾರ. ಅವತ್ತು ಮೋಸ ಮಾಡ್ದೋನು ಇವತ್ತೂ ಮೋಸ ಮಾಡ್ತಿದಾನೆ ಅಂತಾರೆ. ಎರಡರಲ್ಲಿ ಯಾವ್ದು ಬೇಕು ಆರಿಸ್ಕೊಳಿ ಅಂತ ನಿಮ್ಮನ್ನ ನಿಲ್ಲಿಸಿದಾರೆ."

"ಮತ್ತೆ ನಿಜ?"

"ನಿಜಕ್ಕೆ ಜೊತೆಗಾರ ಬೇಕು ಡೆಕ್ಲನ್. ಹೌದು, ಹಂಗೇ ನಡೀತಿತ್ತು, ಡಾಕ್ಟ್ರಿಗೂ ಗೊತ್ತಿತ್ತು ಅಂತ ಹೇಳೋ ಇನ್ನೊಬ್ಬ ಆಟಗಾರ. ಒಬ್ಬನನ್ನ ತನ್ನಿ, ಸಾಕು. ಅವರ ಅಂಕಾನೂ ಹರಿದು ಹಾಕ್ತೀನಿ, ವರದೀನೂ ಹರಿದು ಹಾಕ್ತೀನಿ."

ಹನ್ನೊಂದು ಮಂದಿಗೆ ಫೋನು ಮಾಡಿದ. ಒಬ್ಬ ಟೀವಿಯಲ್ಲಿ ವೀಕ್ಷಕ ವಿವರಣೆ ಹೇಳುತ್ತಿದ್ದ. ಅವನ ಹೆಂಡತಿ, ಇವರು ಮನೆಯಲ್ಲಿಲ್ಲ ಎಂದಳು, ಹಿಂದೆ ಅವನೇ ಕೆಮ್ಮಿದ್ದು ಕೇಳಿಸಿತು. ಇನ್ನೊಬ್ಬ ಎರಡನೇ ದರ್ಜೆಯ ತಂಡದ ಕೋಚು. "ಡೆಕ್, ನಂಗೂ ಹೊಟ್ಟೆಪಾಡು ಇದೆ ಮಾರಾಯ. ನಿನ್ನ ತಮ್ಮ ಅಂದ್ಕೊಂಡು ಬಿಟ್ಬಿಡು" ಎಂದ. ಮೊದಲ ದಿನ ಪಕ್ಕದಲ್ಲಿ ಕೂತು ಗುಗ್ಗು ಎಂದಿದ್ದವನು ಮಾತ್ರ ತುಂಬ ಹೊತ್ತು ಪ್ರೀತಿಯಿಂದ ಮಾತಾಡಿದ. "ಯಾವ ಪರೀಕ್ಷೆ ಅಂತೀಯಾ? ನೆನಪೇ ಆಗ್ತಿಲ್ವಲ್ಲ ಕಣೋ" ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ಅದೇ ಪ್ರಶ್ನೆಯನ್ನು ಮೂರು ಸಲ ಕೇಳಿದ. ಡೆಕ್ಲನ್ ಅವನಿಗೆ ಒಳ್ಳೆಯದಾಗಲಿ ಎಂದು ಹೇಳಿ ಫೋನು ಇಟ್ಟ.

ಡಿಸೆಂಬರಿನ ಮೊದಲ ಭಾನುವಾರ, ಬಿಸಿಲು ಕಬ್ಬಿಣ ಕಾಯಿಸುವ ಹೊತ್ತಿನಲ್ಲಿ, ವಾಡೋ ಮೂರೂವರೆ ಗಂಟೆ ಕಾರು ಓಡಿಸಿಕೊಂಡು ಟಿರೆಂಗೋವರಿಗೆ ಬಂದ. ಈಗ ಅವನು ಕ್ಲಬ್ಬಿನ ಮುಖ್ಯಾಧಿಕಾರಿ. ಹೊಟ್ಟೆ ಬಂದಿತ್ತು, ಹಲ್ಲು ಬೆಳ್ಳಗಾಗಿತ್ತು. ನೊರೀನ್‌ಗೆಂದು ಕೊಕ್ಕರೆಯ ಚಿತ್ರವಿದ್ದ ಕ್ಲಬ್ಬಿನ ಉಣ್ಣೆಯ ಮಫ್ಲರು ತಂದಿದ್ದ.

"ನಲವತ್ತೆರಡು ಡಿಗ್ರಿ ಬಿಸಿಲಿಗೆ ಉಣ್ಣೆ ತಂದಿದೀಯ. ನಿನ್ನ ಪರೀಕ್ಷೆ ಅಂಕ ಎಷ್ಟಪ್ಪಾ?" ಎಂದಳು ನೊರೀನ್.

"ನೊರೀನಮ್ಮಾ, ನಿಮ್ಮ ಬಾಯಿ ಇನ್ನೂ ಹಂಗೇ ಇದೆ!" ವಾಡೋ ಜೋರಾಗಿ ನಕ್ಕು ಕುರ್ಚಿ ಎಳೆದುಕೊಂಡ. "ಡೆಕ್, ನೇರ ವಿಷ್ಯಕ್ಕೆ ಬರ್ತೀನಿ. ನಿಂಗೆ ಕ್ಲಬ್ಬಿನ ಆಜೀವ ಸದಸ್ಯತ್ವ ಕೊಡ್ಬೇಕು ಅಂತ ಎಲ್ಲರೂ ಒಪ್ಪಿದಾರೆ. ಗೋಡೆ ಮೇಲೆ ನಿನ್ನ ಫೋಟೋ. ಹೊಸ ಹುಡುಗರಿಗೆ ಹಿರಿಯ ಮಾರ್ಗದರ್ಶಿ ಅಂತ ಒಂದು ಕೆಲ್ಸ. ನಮ್ಮ ಡಾಕ್ಟ್ರೇ ನಿನ್ನ ಕೊನೇವರ್ಗೂ ನೋಡ್ಕೋತಾರೆ."

"ಹುಟ್ಟು ಪೆದ್ದನ್ನ ಮಾರ್ಗದರ್ಶಿ ಮಾಡ್ತೀರಾ?" ಎಂದಳು ನೊರೀನ್. "ಪಾಪ ಆ ಹುಡುಗ್ರು."

"ಅದು ವಕೀಲರ ಭಾಷೆ ಕಣಮ್ಮಾ. ಅದನ್ನ ಮನಸ್ಸಿಗೆ ಹಚ್ಕೋಬೇಡಿ."

"ನಾನು ಏನು ಮಾಡ್ಬೇಕು?" ಎಂದು ಡೆಕ್ಲನ್ ಕೇಳಿದ.

"ಏನಿಲ್ಲ. ಅರ್ಜಿ ವಾಪಸ್ ತಗೋ. ವರದಿ ಒಪ್ಕೋ. ಮುಂದಿನ ಗುರುವಾರ ಪರೀಕ್ಷೆ ದಿನ. ಲೀಗಿನವ್ರು ಈ ಸಲ ಕ್ಯಾಮೆರಾ ತರ್ತಿದಾರೆ, ಎಲ್ಲಾ ಸರಿಯಾಗಿ ನಡೀತಿದೆ ಅಂತ ತೋರ್ಸೋಕೆ. ನೀ ಬಂದು ವೇದಿಕೆ ಮೇಲೆ ನಿಂತು, ನಾನು ಅವತ್ತು ಕೈಲಾದಷ್ಟು ಚೆನ್ನಾಗಿ ಬರ್ದೆ, ನೀವೂ ಹಂಗೇ ಬರೀರಿ ಅನ್ನು. ಎರಡು ಮಾತು. ಹುಡುಗ್ರಿಗೆ ಕೆಟ್ಟ ಮಾತು ಹೇಳು ಅಂತಿದೀನಾ? ಒಳ್ಳೇ ಮಾತೇ ತಾನೇ?"

"ವಾಡೋ, ಆಕಳಿಸಿದ್ದು ನೀನು."

ವಾಡೋ ಮೇಜಿನ ಮೇಲಿದ್ದ ನೊಣವನ್ನು ಓಡಿಸಿದ. "ನಂಗೆ ನಿದ್ದೆ ಬಂದಿತ್ತು" ಎಂದ. ಅವನ ಮುಖದಲ್ಲಿ ನಗು ಇರಲಿಲ್ಲ. "ನೀನೂ ಆರು ವರ್ಷ ಆಕಳಿಸಿದೀಯ ಡೆಕ್. ಬಾಯಿ ಬಿಟ್ಟರೆ ನಿಂದೂ ಹೊರಗೆ ಬರತ್ತೆ. ಯೋಚ್ನೆ ಮಾಡು."

ಅವನು ಹೋದ ಮೇಲೆ ಡೆಕ್ಲನ್ ಯೋಚನೆ ಮಾಡಿದ. ಯೋಚನೆ ಮಾಡುವುದೇ ಅವನಿಗೆ ಕಷ್ಟವಾಗಿತ್ತು ಎಂಬುದು ಬೇರೆ ಮಾತು. ಗೋಡೆ ಮೇಲಿನ ಫೋಟೋ ಬೇಡ ಎನ್ನುವಷ್ಟು ದೊಡ್ಡವನು ಅವನಲ್ಲ. ಡಾಕ್ಟರು ಬೇಕಿತ್ತು. ತಾಯಿಗೆ ಎಪ್ಪತ್ತೊಂದಾಗಿತ್ತು, ಅವಳ ನಂತರ, ಅವನು ಮರೆತುಬಿಟ್ಟ ಒಲೆ ಆರಿಸುವವರು ಯಾರು? ಬದಲಿಗೆ ಅವರು ಕೇಳಿದ್ದು ಒಂದೇ ಒಂದು ಒಪ್ಪಿಗೆ: ಆಟ ನನ್ನ ತಲೆ ಒಡೆಯಲಿಲ್ಲ, ನಾನು ಹೀಗೇ ಹುಟ್ಟಿದ್ದೆ. ಅಷ್ಟು ಒಪ್ಪಿದರೆ ನನಗೇನು ಕಳೆದೀತು ಎಂದುಕೊಂಡ. ಹೇಗೂ ಕಳೆದುಹೋಗಿತ್ತು. ಬುಧವಾರದ ಹೊತ್ತಿಗೆ ಅವನು ಒಪ್ಪಿಕೊಂಡಿದ್ದ. ಮೆಲ್ಬರ್ನಿಗೆ ಹೋಗುವ ಬಸ್ಸಿನ ಟಿಕೆಟ್ ತೆಗೆಸಿ, ಅಂಗಿ ಇಸ್ತ್ರಿ ಮಾಡಿಸಿಟ್ಟಿದ್ದ.

ಬುಧವಾರ ಮಧ್ಯಾಹ್ನ ಊಟವಾದ ಮೇಲೆ ಎಂದಿನಂತೆ ತಾಯಿ ಮಗ ಇಸ್ಪೀಟಿಗೆ ಕೂತರು. ಟಿರೆಂಗೋವರಿನಲ್ಲಿ ಆಡುವುದು ಒಂದೇ ಆಟ. ಅದರಲ್ಲಿ ರಾಜ ರಾಣಿಯರೆಲ್ಲ ಕೆಳಗೆ, ತುರುಫಿನ ಗುಲಾಮನೇ ಎಲ್ಲರ ಮೇಲೆ, ಅವನ ಹಿಂದೆ ಅದೇ ಬಣ್ಣದ ಇನ್ನೊಬ್ಬ ಗುಲಾಮ. ಕಸಾಯಿಖಾನೆಯವರಿಗೆ ಅದು ಮೊದಲಿನಿಂದಲೂ ಇಷ್ಟ. ತಾಯಿಯ ಮನೆಗೆ ಬಂದ ಮೊದಲ ವಾರ ಬಿಟ್ಟರೆ ಡೆಕ್ಲನ್ ಇದೊಂದರಲ್ಲಿ ಮಾತ್ರ ಸೋತಿರಲಿಲ್ಲ. ಬ್ರೆಡ್ಡು ಮರೆತರೂ ಎಲೆ ಮರೆತಿಲ್ಲ ಎಂಬುದೊಂದೇ ಅವನಿಗೆ ಉಳಿದಿದ್ದ ಹೆಮ್ಮೆ.

ಅಂದೂ ನೊರೀನ್ ಮೂರು ಎಲೆ ಆಡಿ, "ಥೂ, ನನ್ನ ಹಣೇಬರಹ, ನೀನೇ ಗೆದ್ದೆ" ಎಂದು ಕೈಯಲ್ಲಿ ಉಳಿದ ಎರಡನ್ನು ಮುಖ ಕೆಳಗಾಗಿ ಮೇಜಿನ ಮೇಲೆ ಹಾಕಿ ಚಹಾಕ್ಕೆ ನೀರಿಡಲು ಎದ್ದಳು. ಫ್ಯಾನಿನ ಗಾಳಿಗೆ ಒಂದು ಎಲೆ ಮಗುಚಿಕೊಂಡಿತು. ತುರುಫಿನ ಗುಲಾಮ. ಡೆಕ್ಲನ್ ಇನ್ನೊಂದನ್ನೂ ಮಗುಚಿದ. ಅದೂ ಗುಲಾಮನೇ, ಆ ಸುತ್ತಿನ ಎರಡನೇ ದೊಡ್ಡ ಎಲೆ. ಆ ಎರಡು ಎಲೆ ಕೈಯಲ್ಲಿದ್ದವರು ಸೋಲಲು ತುಂಬಾ ಬುದ್ಧಿ ಖರ್ಚು ಮಾಡಬೇಕು.

"ಅಮ್ಮಾ."

ನೊರೀನ್ ತಿರುಗಿದಳು. ಎಲೆಗಳನ್ನು ನೋಡಿದಳು. ಕೆಟಲನ್ನು ಕೆಳಗಿಟ್ಟಳು.

"ಎಷ್ಟು ದಿನದಿಂದ?" ಎಂದು ಡೆಕ್ಲನ್ ಕೇಳಿದ.

"ಏನು ಎಷ್ಟು ದಿನದಿಂದ?"

"ಎಷ್ಟು ದಿನದಿಂದ ಬೇಕಂತ ಸೋಲ್ತಿದೀಯ?"

"ನೀ ಬಂದಾಗಿನಿಂದ" ಎಂದಳು. ಅವಳಿಗೆ ಸುತ್ತಿ ಬಳಸಿ ಹೇಳಿ ಗೊತ್ತಿರಲಿಲ್ಲ. "ಮೊದಲ್ನೇ ವಾರ ಸೋತೆಯಲ್ಲಾ, ಮೂರು ದಿನ ಕೋಣೆ ಬಾಗಿಲು ತೆಗೀಲಿಲ್ಲ ನೀನು. ಬಿಡ್ತು ಅನ್ನು, ಒಂದು ಆಟ ತಾನೇ ಅಂತ ನಾನೇ ಸೋಲೋಕೆ ಶುರು ಮಾಡ್ದೆ. ಈಗ ಬೈಕೊ."

ಅವನು ಬೈಯಲಿಲ್ಲ. ಸಿಟ್ಟು ಬರುತ್ತದೆಂದು ಕಾದ, ಬರಲಿಲ್ಲ. ಎಲೆಗಳನ್ನು ಒಟ್ಟುಮಾಡಿ ಜೋಡಿಸಿದ. ಡಾಕ್ಟರು ನದಿ ತೋರಿಸಿ ಪಾಸು ಮಾಡಿದ್ದರು. ಕೋಚು ನಕ್ಕು ಪಾಸು ಮಾಡಿದ್ದ. ಇವಳು ಪ್ರೀತಿಯಿಂದ ಪಾಸು ಮಾಡಿದಳು. ಅವನ ತಲೆ ಒಡೆದಿದೆ ಎಂದು ಅವನ ಮುಖಕ್ಕೆ ಹೇಳಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೂ ಇರಲಿಲ್ಲ. ಅವನು ಕೂಡ ಹೇಳಿಕೊಂಡಿರಲಿಲ್ಲ.

"ಇನ್ನೊಂದು ಸುತ್ತು ಹಾಕು" ಎಂದ. "ಬಿಡಬೇಡ."

ನೊರೀನ್ ಕಣ್ಣು ಒರೆಸಿಕೊಂಡು ಎಲೆ ಹಂಚಿದಳು. ಆ ಮಧ್ಯಾಹ್ನ ಅವನು ಒಂಬತ್ತು ಸುತ್ತು ಸೋತ. ಒಂಬತ್ತನೆಯದಾದ ಮೇಲೆ ಅವಳು, "ಅಯ್ಯೋ ದೇವರೇ, ನಿನ್ನ ಜೊತೆ ಆಡೋಕಿಂತ ಕೋಳಿ ಜೊತೆ ಆಡಬೋದು" ಎಂದಳು. ತಿಂಗಳುಗಳ ನಂತರ ಅವನು ಹೊಟ್ಟೆ ತುಂಬಾ ನಕ್ಕ.

ಗುರುವಾರ ಕ್ಲಬ್ಬಿನ ವ್ಯಾಯಾಮ ಕೋಣೆಯಲ್ಲಿ ತಣ್ಣನೆಯ ಗಾಳಿ ಹಾಕಿದ್ದರು. ಗಂಡಸರ ತಂಡದ ಹತ್ತು, ಹೆಂಗಸರ ತಂಡದ ಎಂಟು ಹೊಸಬರು ಕಂಪ್ಯೂಟರುಗಳ ಮುಂದೆ ಕೂತಿದ್ದರು. ಹಿಂದಿನ ಸಾಲಿನಲ್ಲಿ ಹಳಬರು, ಬಾಯಿಗಳು ಸಿದ್ಧವಾಗಿದ್ದವು. ಒಂದು ಮೂಲೆಯಲ್ಲಿ ಲೀಗಿನ ಕ್ಯಾಮೆರಾ. ಡಾಕ್ಟರ್ ಪಿಮ್‌ಗೆ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರು ಮಿದುಳಿನ ಫೋಟೋದ ಮಾತು ಹೇಳಿ ಮುಗಿಸಿದರು. ಆಮೇಲೆ ವಾಡೋ ಡೆಕ್ಲನ್‌ನನ್ನು ವೇದಿಕೆಗೆ ಕರೆದು, ಇನ್ನೂರ ಹದಿನಾಲ್ಕು ಪಂದ್ಯಗಳಲ್ಲಿ ಒಮ್ಮೆಯೂ ತಿರುಗಿ ನೋಡದವನು ಎಂದು ಹೊಗಳಿ, ಆಜೀವ ಸದಸ್ಯತ್ವದ ಫಲಕವನ್ನು ಕೈಗಿಟ್ಟು ಕೆಳಗಿಳಿದ. ಚಪ್ಪಾಳೆ ಬಿತ್ತು. ಡಾಕ್ಟರು ಜೇಬು ತಡಕಿಕೊಳ್ಳುತ್ತ ಬಾಗಿಲ ಕಡೆ ಹೊರಟರು.

"ಡಾಕ್ಟ್ರೇ, ಹೋಗ್ಬೇಡಿ" ಎಂದ ಡೆಕ್ಲನ್ ಮೈಕಿನಲ್ಲಿ. "ಎರಡೇ ನಿಮಿಷ. ಕೂತ್ಕೊಳ್ಳಿ."

ಡಾಕ್ಟರು ನಿಂತರು. ಹೋದರೆ ಹೋದಂತೆ ಕ್ಯಾಮೆರಾಕ್ಕೆ ಕಾಣುತ್ತಿತ್ತು. ಒಂದು ಕುರ್ಚಿಯ ಅಂಚಿಗೆ ಕೂತರು.

"ನಾನು..." ಎಂದ ಡೆಕ್ಲನ್. ಮುಂದಿನ ಪದ ಬರಲಿಲ್ಲ. ಕಾದ. ಒಬ್ಬ ಹುಡುಗ ಕಿಸಕ್ಕೆಂದ, ಅವನ ಪಕ್ಕದವಳು ಅವನಿಗೆ ಮೊಣಕೈಯಿಂದ ತಿವಿದಳು. "ನಾನು ಬರ್ದದ್ದು ಸುಳ್ಳು. ಹತ್ತೊಂಬತ್ತನೇ ವಯಸ್ಸಲ್ಲಿ. ಎಲೆ ಎಲ್ಲಾ ಗೊತ್ತಿತ್ತು. ಬೇಕಂತ ತಪ್ಪು ಒತ್ತಿದೆ. ಹಂಗೆ ಒತ್ತು ಅಂತ ನಂಗೆ ಹೇಳ್ಕೊಟ್ರು."

"ಡೆಕ್" ಎಂದ ವಾಡೋ ಮೆತ್ತಗೆ, ನಗು ಬಿಡದೆ. "ಎರಡು ಮಾತು ಅಂದಿದ್ವಿ."

"ಆಮೇಲೆ ನಾನು ಹೇಳ್ಕೊಟ್ಟೆ. ಆರು ವರ್ಷ. ಟಲ್ಲಿ ಬ್ರಾಂಡ್ಟ್‌ಗೆ ಹೇಳ್ಕೊಟ್ಟೆ. ಇಪ್ಪತ್ತಾರು ವರ್ಷ ಅವ್ನಿಗೆ, ಹಗಲು ಪರದೆ ಎಳ್ಕೊಂಡು ಮಲಗಿರ್ತಾನೆ, ಬೆಳಕು ಆಗಲ್ಲ. ಅವ್ನ ಅಮ್ಮ ನಂಗೆ ಕ್ರಿಸ್‌ಮಸ್ ಕಾರ್ಡು ಕಳಿಸ್ತಾರೆ. ಮಗನ್ನ ಚೆನ್ನಾಗಿ ನೋಡ್ಕೊಂಡ್ರಿ ಅಂತ."

ಡಾಕ್ಟರ್ ಪಿಮ್ ತಮ್ಮ ಬೂಟುಗಳನ್ನು ನೋಡುತ್ತಿದ್ದರು. ಕ್ಯಾಮೆರಾದ ಹುಡುಗಿ, ನಿಲ್ಲಿಸಲೋ ಬೇಡವೋ ಎಂದು ವಾಡೋನ ಮುಖ ನೋಡಿದಳು. ವಾಡೋ ಕತ್ತಿನ ಮೇಲೆ ಕೈ ಅಡ್ಡ ಎಳೆದು ತೋರಿಸಿದ. ಅವಳು ಬಗ್ಗಿ ಏನೋ ಒತ್ತಿದಳು. ಕೆಂಪು ದೀಪ ಆರಿತೋ ಇಲ್ಲವೋ ಡೆಕ್ಲನ್‌ಗೆ ಕಾಣಲಿಲ್ಲ. ಅವನು ಅಲ್ಲಿಗೆ ನೋಡುತ್ತಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತ ಹದಿನೆಂಟು ಮುಖಗಳನ್ನು ನೋಡುತ್ತಿದ್ದ.

"ಇದನ್ನ ಹೇಳಿದ್ರೆ ನಾನು ಮೋಸಗಾರ ಅಂತ ನಮ್ಮ ವಕೀಲ್ರು ಹೇಳಿದಾರೆ. ಹೌದು, ಮೋಸಗಾರ. ಬರ್ಕೊಳ್ಳಿ. ಆದ್ರೆ ಪೆದ್ದ ಆಗಿ ಹುಟ್ಟಿರ್ಲಿಲ್ಲ. ನನ್ನ ತಲೆ ಚೆನ್ನಾಗಿತ್ತು. ಇಲ್ಲೇ ಒಡೀತು. ಒಂದೊಂದು ಏಟನ್ನೂ..." ಮತ್ತೆ ಪದ ತಪ್ಪಿತು. ಅವನು ಕೈಯಿಂದ ಗಾಳಿಯಲ್ಲಿ ಅದನ್ನು ಹುಡುಕಿದ. ಈ ಸಲ ಯಾರೂ ಕಿಸಕ್ಕೆನ್ನಲಿಲ್ಲ.

ವಾಡೋ ಮತ್ತೆ ವೇದಿಕೆ ಹತ್ತಿ ಬಂದ. ಭುಜದ ಮೇಲೆ ಕೈ ಹಾಕಿದ. ಮೈಕನ್ನು ಇನ್ನೊಂದು ಕೈಯಿಂದ ಮುಚ್ಚಿ, ಹಳೆಯ ನಾಯಕನ ದನಿಯಲ್ಲಿ, ಏಳು ವರ್ಷ ಡೆಕ್ಲನ್ ಎದುರಾಡದೆ ಕೇಳಿದ ದನಿಯಲ್ಲಿ ಹೇಳಿದ:

"ಸಾಕು ಕಣೋ. ಮರ್ಯಾದೆಯಾಗಿ ಕೆಳಗಿಳಿ."

"ಇಳಿಯಲ್ಲ" ಎಂದ ಡೆಕ್ಲನ್. "ಪದ ಸಿಗ್ಲಿ, ಇರು."